ಒಂದು ಡ್ರೈವರ್, ಎರಡು ಮೋಟಾರು

ಸುಟ್ಟವನು ಮೌನೇಶ.
ಕರೆಂಟು ಇರುವಾಗಲೇ ಮೋಟಾರಿನ ವೈರು ಎಳೆದ,
ಡ್ರೈವರ್ ಟಪ್ ಎಂದಿತು, ಅಷ್ಟೆ.
ಕಾಟೀಹಳ್ಳಿಯ ಶೆಡ್ಡಿನ ತುಂಬ
ಮರದ ಹೊಟ್ಟಿನ ವಾಸನೆಯನ್ನೂ ಮೀರಿದ ಕಮಟು.
'ಮುಟ್ಟೇ ಇಲ್ಲ ಕಣಕ್ಕ' ಅಂದ.
ವೈರು ಇನ್ನೂ ಕೈಯಲ್ಲೇ ಇತ್ತು.

ಹೊಸದು ಬರುವುದು ಸೋಮವಾರ.
ಬೋರ್ಡು ಕೊಡಬೇಕಾದ್ದು ಶುಕ್ರವಾರ:
'ಪದ್ಮಾಂಬ ಹೊಲಿಗೆ ಪಾಠಶಾಲೆ, ಸಾಲಗಾಮೆ ರಸ್ತೆ',
ಎಂಟಡಿ ಉದ್ದ, ಅಕ್ಷರಗಳೆಲ್ಲ ಕೊರೆದೇ ಆಗಬೇಕು.
ಮಿಷನ್ನಿನ ಅಡ್ಡತೊಲೆಗೆ ಎರಡು ಕಾಲು,
ಕಾಲಿಗೊಂದು ಮೋಟಾರು,
ಬೀಗರ ಹಾಗೆ ಮುಖಾಮುಖಿ.
ಉಳಿದದ್ದು ಒಂದೇ ಡ್ರೈವರ್.

ಮೋಟಾರಿಗೆ ನಾಲ್ಕು ವೈರು.
ಯಾವುದಕ್ಕೆ ಯಾವುದು ಜೋಡಿ ಎಂದು ಬರೆದಿಟ್ಟ ಚೀಟಿ ಇಲಿಯ ಪಾಲು.
ಮೀಟರಿನ ಬ್ಯಾಟರಿ ಸತ್ತು ತಿಂಗಳಾಗಿತ್ತು.
ಚೀಲಕ್ಕೆ ಹಾಕಿಕೊಂಡು ಪೆನ್ಷನ್ ಮೊಹಲ್ಲಾಕ್ಕೆ ಹೋದೆ, ಅಬ್ಬಾನ ಅಂಗಡಿಗೆ.

ಮೂವತ್ತೆಂಟು ವರ್ಷ ಪಂಪಿನ ಮೋಟಾರಿಗೆ ತಾಮ್ರ ಸುತ್ತಿದ ಕೈ.
ಸುತ್ತು ಎಣಿಸುವಾಗ ಮಾತಾಡಿಸಿದರೆ ಬೈಗುಳ;
ನಮ್ಮಲ್ಲಿ ಸಲಾಮಿಗೆ ಉತ್ತರ ಬರುವುದೂ
ನೂರಾ ಎಂಬತ್ತು ಮುಗಿದ ಮೇಲೆಯೇ.
ಇಷ್ಟು ಚಿಕ್ಕ ಮೋಟಾರು ಅವರು ಕಂಡಿರಲಿಲ್ಲ.
ಸಂತೆಯಲ್ಲಿ ಆಲೂಗಡ್ಡೆ ಆರಿಸುವಂತೆ ಅಂಗೈಯಲ್ಲಿ ತೂಗಿದರು.
ಎರಡು ವೈರಿನ ತುದಿ ಹೊಸೆದು ಶಾಫ್ಟು ತಿರುಗಿಸಿದರು.
ಹಗುರ. ಬಿಡಿಸಿದರು.
ಬೇರೆ ಎರಡನ್ನು ಹೊಸೆದರು.
ಬಿಗಿ, ಬೆಲ್ಲದ ಪಾಕದಲ್ಲಿ ಸೌಟು ಆಡಿಸಿದ ಹಾಗೆ.
'ಇವೆರಡು ಒಂದೇ ಹೊಟ್ಟೆಯವು' ಅಂದರು.

ರಾತ್ರಿ ಕಪ್ಪಿಗೆ ಕಪ್ಪು, ಹಸಿರಿಗೆ ಹಸಿರು,
ಕೆಂಪಿಗೆ ಕೆಂಪು, ನೀಲಿಗೆ ನೀಲಿ ಸೇರಿಸಿ ಸ್ವಿಚ್ ಹಾಕಿದೆ.
ಎಡಗಾಲು ಮುಂದಕ್ಕೆ, ಬಲಗಾಲು ಹಿಂದಕ್ಕೆ.
ತೊಲೆ ನರಳಿತು.
'ಎತ್ತು ಏರಿಗೆ, ಕೋಣ...' ಎಂದು ಮೌನೇಶ ಶುರುಮಾಡುವಷ್ಟರಲ್ಲಿ
ಪ್ಲಗ್ಗು ಕಿತ್ತಿದ್ದೆ.
ಗಾದೆಯ ಎತ್ತಿಗೂ ಕೋಣಕ್ಕೂ ಆಸೆ ಬೇರೆ ಬೇರೆ.
ಇವಕ್ಕೆ ಹಾಗಲ್ಲ. ಬಲಕ್ಕೆ ತಿರುಗು ಅಂದೆ, ಎರಡೂ ಬಲಕ್ಕೇ ತಿರುಗಿದವು.
ಎದುರುಬದುರು ಕೂತವರ ಬಲಗಡೆ ಒಂದೇ ಅಲ್ಲ,
ಅದನ್ನು ನಾನು ಮರೆತಿದ್ದೆ.
ಒಂದು ಮೋಟಾರಿನ ಒಂದೇ ಜೋಡಿ ಅದಲುಬದಲು ಮಾಡಿದೆ,
ಕಪ್ಪಿನ ಜಾಗಕ್ಕೆ ಹಸಿರು, ಹಸಿರಿನ ಜಾಗಕ್ಕೆ ಕಪ್ಪು.
ಎರಡೂ ಜೋಡಿ ಬದಲಿಸಿದರೆ ಮತ್ತೆ ಮೊದಲಿನದೇ ಜಗಳ.

ಡ್ರೈವರಿನ ಬಳಿ ಇರುವುದು ನಾಲ್ಕು ಆಂಪಿಯರ್.
ಹಂಚಿದರೆ ತಲಾ ಎರಡು, ಹಸಿವು ತಲಾ ಮೂರು.
ಅರೆಹೊಟ್ಟೆಯವರಿಂದ ಆಳಕ್ಕೆ ಕೊರೆಸುವ ಹಾಗಿಲ್ಲ.
ಒಂದು ಮಿಲಿಮೀಟರ್. ಆಮೇಲೆ ಇನ್ನೊಂದು.

ತುಂಡು ಹಲಗೆಯ ಮೇಲೆ ಮೊದಲು 'ಠ' ಬರೆಸಿ ನೋಡಿದೆವು,
ದುಂಡಗಿರಬೇಕಾದ್ದು ಆಲೂಗಡ್ಡೆಯಾಗಿ ಬಂತು.
ಹಲ್ಲುಪಟ್ಟಿಗೆ ಚಕ್ಕೆ ಸಿಕ್ಕಿ ಎಡದ್ದು ಹೆಜ್ಜೆ ತಪ್ಪಿತ್ತು.
ಡ್ರೈವರಿಗೆ ಅದರ ಸುದ್ದಿಯೇ ಇಲ್ಲ.
ಅದು ಹೇಳುತ್ತದೆ, ಕೇಳುವುದಿಲ್ಲ;
ನಡೆದರಾ ಎಂದು ಒಮ್ಮೆಯೂ ತಿರುಗಿ ನೋಡುವುದಿಲ್ಲ.

ಎರಡೂವರೆಗೆ ಕರೆಂಟು ಹೋಯಿತು.
ಇರಲಿ ಎಂದು ಮೋಟಾರುಗಳನ್ನು ಪಟ್ಟಿಯಿಂದ ಬಿಡಿಸಿ
ಹಲ್ಲು ಒರೆಸಲು ಕೂತೆವು, ಅವನು ಆ ಕಡೆ, ನಾನು ಈ ಕಡೆ,
ನಡುವೆ ಮೊಬೈಲಿನ ಬೆಳಕು.
ಅವನು ಬಟ್ಟೆ ಸುತ್ತಿ ತನ್ನ ಗಾಲಿಯನ್ನು ಜೋರಾಗಿ ತಿರುಗಿಸಿದ.
ನನ್ನ ಬೆರಳಿನ ಕೆಳಗೆ ನನ್ನದು ಮಿಸುಕಿತು.
'ಇನ್ನೊಂದು ಸಲ ಮಾಡೋ.'
ಮತ್ತೆ ಮಿಸುಕಿತು, ಸರಿಯಾಗಿ ಉಲ್ಟಾ.
ನಾನು ತಿರುಗಿಸಿದೆ. ಆ ಕಡೆಯಿಂದ ನಗು ಕೇಳಿತು.
ಅಬ್ಬಾ ಇದ್ದಿದ್ದರೆ ತಾಮ್ರದ ಬುದ್ಧಿ ಅದು ಅನ್ನುತ್ತಿದ್ದರು,
ತಿರುಗಿಸಿದವನೇ ಕರೆಂಟು.
ಹೊಲಿಗೆ ಶಾಲೆಯ ಬೋರ್ಡು ಬಿಟ್ಟು
ಅರ್ಧ ಗಂಟೆ ಅದನ್ನೇ ಆಡಿದೆವು, ನಾಚಿಕೆಯಿಲ್ಲದೆ.

ಬಲ್ಬು ಹತ್ತಿತು.
ಮಿಷನ್ನಿನ ಸ್ವಿಚ್ಚು ಹಾಕುವ ಮೊದಲು
ತೊಲೆಯನ್ನು ಇಬ್ಬರೂ ಕೈಯಿಂದ ತಳ್ಳಿ
ಮೂಲೆಯ ಮರದ ತುಂಡುಗಳಿಗೆ ಒತ್ತಿ ಹಿಡಿದೆವು.
'ತಾಗ್ತಾ?'
'ತಾಗ್ತು. ನಿಂದು?'
'ಇರು, ಇರು...
ಹ್ಞಾ.'