ಅಳೆದು ತೂಗಿ

ಕಿವಿಗೊಟ್ಟು ಕೇಳಿ ಅಂತಾನೆ ಅಂಗಡಿಯ ಝೆನೋನ್.
ಎಡಗಿವಿಯನ್ನು ಕೊಟ್ಟು ಬಹಳ ಕಾಲವಾಯಿತು,
ಗ್ದಿನ್ಯಾದ ಹಡಗಿನಂಗಳಕ್ಕೆ, ಇಪ್ಪತ್ತೆರಡು ವರ್ಷದ ಕಂತಿನಲ್ಲಿ.
ಉಳಿದದ್ದು ಬಲಗಿವಿ. ಅದನ್ನೇ ಅವನತ್ತ ತಿರುಗಿಸಿದೆ.

ಯಾಗೊದಾಗೆ ಹದಿನಾರು.
ಎಡಗೈಯ ನಾಲ್ಕು ಬೆರಳ ತುದಿ ಜಡ್ಡುಗಟ್ಟಿದೆ.
ಇಷ್ಟು ದಿನ ಚಹದ ಡಬ್ಬಿಯಷ್ಟು ಆಂಪಿನಲ್ಲಿ ನುಡಿಸಿದಳು,
ಕೆಳಮನೆಯ ಬೋಗುಮಿಲಾ ಪೊರಕೆಯ ಹಿಡಿಯಿಂದ
ಚಾವಣಿ ಕುಟ್ಟುವ ತನಕ.
ಈಗ ತಿಂಗಳಿಗೆರಡು ಕಾರ್ಯಕ್ರಮ: ಬಂದರಿನ ಹತ್ತಿರ
ಹದಿನೇಳು ಮೆಟ್ಟಿಲಿಳಿದರೆ ಸಿಗುವ ಬಾರು,
ಇಲ್ಲವೇ ಮೀನುಗಾರರ ಸಂಘದ ಹಾಲು.
ಡ್ರಮ್ಮಿನ ಹಿಂದೆ ಕಾಜಿಕ್ ಎಂಬ ಹುಡುಗ;
'ಮೆಲ್ಲಗೆ' ಎಂಬ ಪದ ಅವನಿಗೆ ಯಾರೂ ಕಲಿಸಿಲ್ಲ.

ಕಳೆದ ಸಲ ಅವಳ ಗಿಟಾರು ನನಗೆ ಕೇಳಿಸಲಿಲ್ಲ.
ಕಿವಿಯ ದೋಷ ಅಂದುಕೊಂಡೆ.
ಪಕ್ಕದವನಿಗೂ ಕೇಳಿಸಿರಲಿಲ್ಲವಂತೆ.
ಮೂರನೆಯ ಹಾಡಿನ ನಡುವೆ ಅವಳು ತಂತಿ ಮೀಟುವುದನ್ನು ಬಿಟ್ಟು
ಬೆರಳನ್ನು ಮಾತ್ರ ಆಡಿಸುತ್ತಾ ನಿಂತಳು, ಹಾಡು ಮುಗಿಯುವ ತನಕ.
ಯಾರಿಗೂ ಗೊತ್ತಾಗಲಿಲ್ಲ.
ನಾನು ನೋಡಿದೆ. ನೋಡಿದೆ ಅಂತ ಇನ್ನೂ ಹೇಳಿಲ್ಲ.

ಝೆನೋನ್ ಮೊದಲು ತೋರಿಸಿದ್ದು ಬೀರುವಿನಂಥದು:
ನೂರು ವಾಟು, ಹಿಂದೆ ಗಾಜಿನ ವಾಲ್ವುಗಳ ಸಾಲು.
ಬಗ್ಗಿ ನೋಡಿದರೆ ಬೂದಿಯೊಳಗಿನ ಕೆಂಡದ ಹಾಗೆ
ನಿಧಾನವಾಗಿ ಕಣ್ಣು ಬಿಟ್ಟವು.
ತೂಕ? ಎಂದೆ.
ಮೂವತ್ತೆರಡು ಕಿಲೊ, ಎಂದು ನನ್ನ ಭುಜ ನೋಡಿದ.
ನಾನು ಟ್ರಾಲಿಬಸ್ಸಿನ ಬಾಗಿಲು ನೆನೆದೆ.

ಎರಡನೆಯದು ಟ್ರಾನ್ಸಿಸ್ಟರಿನದು. ಅಗ್ಗ, ಹಗುರ,
ಬಿದ್ದರೂ ಎದ್ದರೂ ಒಂದೇ ಮುಖ.
ಯಾಗೊದಾ ಎರಡು ನಿಮಿಷ ನುಡಿಸಿ ಮೂಗು ಮುರಿದಳು:
'ಈಗಷ್ಟೇ ಹಲ್ಲುಜ್ಜಿದ ಹಾಗಿದೆ, ಅಪ್ಪ.'

ಮೂರನೆಯದನ್ನು ಅವನು ತೋರಿಸಲೇ ಇಲ್ಲ.
ಬಾಗಿಲ ಹಿಂದಿತ್ತು, ತಲೆಯ ಮೇಲೆ ಅಕಾರ್ಡಿಯನ್ ಹೊತ್ತು;
ಮುಂದಿನ ಬಟ್ಟೆ ಹರಿದಿತ್ತು, ಮೂಲೆಯಲ್ಲಿ ಯಾರದೋ ಬಿಯರಿನ ಕಲೆ.
ಇಪ್ಪತ್ತು ವಾಟು, ಎಂದ. ಸೆಕೆಂಡ್ ಹ್ಯಾಂಡು.
ಅವಳು ತಂತಿ ಸಿಕ್ಕಿಸಿದಳು.
ನಾನು ಅದರ ಬೆನ್ನಿಗೆ ಅಂಗೈ ಇಟ್ಟೆ.
ಹಡಗಿನಂಗಳದಲ್ಲಿ ಹಾಗೆಯೇ, ಉಕ್ಕಿನ ತಗಡಿಗೆ ಕೈಯಿಟ್ಟು
ಆಚೆ ಬದಿ ಯಾರು ಕೆಲಸದಲ್ಲಿದ್ದಾರೆಂದು ತಿಳಿಯುತ್ತಿದ್ದೆವು.
ಅವಳು ದಪ್ಪ ತಂತಿಯನ್ನು ಒಮ್ಮೆ ಮೀಟಿದಳು.
ಮೊಣಕೈವರೆಗೆ ಬಂತು.

'ಇಪ್ಪತ್ತು ಸಾಕಾ? ಕಾಜಿಕ್ ಇದ್ದಾನೆ.'
ಸಾಕು, ಎಂದ ಝೆನೋನ್. ದೊಡ್ಡ ಹಾಲಾದರೆ ಮುಂದೊಂದು ಮೈಕ್ ಇಡಿ.
ಐದು ಪಟ್ಟು ವಾಟಿಗೆ ಐದು ಪಟ್ಟು ಸದ್ದಿಲ್ಲ,
ಎರಡು ಪಟ್ಟೂ ಇಲ್ಲ. ಕಿವಿಯ ಲೆಕ್ಕವೇ ಬೇರೆ ಸ್ವಾಮಿ.
ನನಗೆ ಹೇಳುತ್ತಿದ್ದಾನೆ!

ಅಳೆದು ತೂಗಿ ಕೊಳ್ಳಬೇಕು ಅಂತಾರಲ್ಲ,
ಅಳೆಯುವುದನ್ನು ನಮಗೆ ಬಿಟ್ಟು ಅವಳು ನಿಜಕ್ಕೂ ತೂಗಿದಳು:
ಹಿಡಿ ಹಿಡಿದೆತ್ತಿ ಅಂಗಡಿಯ ಉಗ್ರಾಣದ ಮೆಟ್ಟಿಲಿಳಿದು,
ಹತ್ತಿ, ಮತ್ತೆ ಇಳಿದು, ಮತ್ತೆ ಹತ್ತಿ.
ಕೈಚಾಚಿದ ಝೆನೋನನಿಗೆ ಅಡ್ಡ ಬರಬೇಡಿ ಎಂದಳು.
ಏದುಸಿರು. ಕೆಂಪು ಮುಖ. 'ಇದು.'

ಅರ್ಧ ದುಡ್ಡು ಅವಳದು. ಹೊಗೆಮೀನಿನ ಅಂಗಡಿಯಲ್ಲಿ
ಶನಿವಾರಗಳನ್ನು ಮಾರಿ ಗಳಿಸಿದ್ದು;
ಝ್ಲೋಟಿ ನೋಟುಗಳಿಗೆ ಬಂಗುಡೆಯ ವಾಸನೆ.
ಝೆನೋನ್ ಒಮ್ಮೆ ಮೂಸಿ, ಮಾತಾಡದೆ ಎಣಿಸಿದ.
ನಾನು ಚೌಕಾಸಿ ಮಾಡಲಿಲ್ಲ.
ಗಾಜಿನ ಕಪಾಟಿನಲ್ಲಿದ್ದ ಕಿವಿಬಿರಡೆ ತೋರಿಸಿ
ಎರಡು ಜೊತೆ ಮೇಲಕ್ಕೆ ಹಾಕು ಎಂದೆ.
ಒಂದು ಇವಳಿಗೆ, ಒಂದು ಆ ಡ್ರಮ್ಮಿನವನಿಗೆ.
ಅಪ್ಪಾ, ಎಂದಳು, ಮರ್ಯಾದೆ ಹೋದವಳ ಹಾಗೆ.
ಆದರೂ ಕೋಟಿನ ಜೇಬಿಗೆ ಹಾಕಿಕೊಂಡಳು.

ಟ್ರಾಲಿಬಸ್ಸಿನಲ್ಲಿ ಮುದುಕಿಯೊಬ್ಬಳು ಕೇಳಿದಳು,
ಅದರೊಳಗೆ ನಾಯಿ ಇದೆಯಾ ಅಂತ.
ಇದೆ, ಎಂದಳು ಯಾಗೊದಾ. ಮಲಗಿದೆ.

ಚಿಕ್ಕಂದಿನಿಂದಲೂ ಅವಳು ಕೂರುವುದು ನನ್ನ ಬಲಕ್ಕೆ,
ಯಾರೂ ಹೇಳಿಕೊಟ್ಟದ್ದಲ್ಲ.
ಇವತ್ತೂ ಅಲ್ಲೇ ಕೂತಳು.
ಎಡಕ್ಕೆ ಆಂಪು.
ತಿರುವಿನಲ್ಲಿ ಜಾರದಿರಲೆಂದು
ಅದರ ಮೇಲೆ ಕೈ ಇಟ್ಟುಕೊಂಡಿದ್ದೆ.