ಬೀಜದ ತಟ್ಟೆ

ಮಧ್ಯಾಹ್ನ ಸುರಿದರೆ ಸಂಜೆಗೆ ಹಾದಿ ಒಣಗಿರುತ್ತದೆ ಇಲ್ಲಿ.
ಈ ಮರಳಿಗೆ ಹಿಡಿದಿಟ್ಟುಕೊಳ್ಳುವ ಚಟವಿಲ್ಲ,
ಬಂದ ನೀರನ್ನು ಬಂದ ಹಾಗೇ ಕೆಳಕ್ಕೆ ಕಳಿಸುತ್ತದೆ.
ಹೊಳೆ ಸೇರುವಾಗ ಡಿಕಾಕ್ಷನ್ ಬಣ್ಣ,
ಬೊಗಸೆಯಲ್ಲಿ ಹಿಡಿದರೆ ತಿಳಿ.

ಜೆರ್ಸಿಯ ನಕ್ಷೆ ಬರೆದವರು ನೇಗಿಲು ಊರಿ ನೋಡಿ
'ಬಂಜರು' ಎಂದು ಬರೆದು ಮುಂದೆ ಹೋದರು.
ರೋಡಾ ಎಸ್ಟ್ಲೋ ಅದೇ ಬಂಜರಿನಿಂದ
ಎಪ್ಪತ್ತು ಚಳಿಗಾಲ ಉಂಡಿದ್ದಾಳೆ:
ಜೌಗಿನ ಪಾಚಿ, ಜುಲೈಗೆ ಬ್ಲೂಬೆರಿ,
ಹಿಮ ಬೀಳುವ ಮುಂಚೆ ಪೈನ್ ಕಾಯಿ,
ಫಿಲಡೆಲ್ಫಿಯಾದ ಹೂವಿನಂಗಡಿಗೆ, ಸಾವಿರಕ್ಕೆ ಇಷ್ಟು ಎಂದು.

ಕುಳ್ಳ ಪೈನುಗಳ ಬಯಲಿಗೆ ಇಳಿದರೆ
ಕಾಡಿನ ಮೇಲೆ ಅವಳ ತಲೆ ಕಾಣುತ್ತದೆ.
ಕೈಗೆಟುಕುವ ಕಾಯಿ, ಆದರೆ ಮುಚ್ಚಿದ ಕಾಯಿ,
ರಾಳದಲ್ಲಿ ಬಾಯಿ ಹೊಲಿದುಕೊಂಡು
ಹತ್ತು ಹದಿನೈದು ವರ್ಷ ಕೊಂಬೆ ಬಿಡದೆ ಕೂತದ್ದು.
ಚಾಕು ಹಾಕಿದರೆ ಚಾಕು ಮುರಿದೀತು.
ಬೆಂಕಿಯೇ ಬಂದು ಕೇಳಬೇಕು.

ಆದ್ದರಿಂದ ಓವನ್.
ಊಟವಾದ ಮೇಲೆ ಬ್ರೆಡ್ಡಿನ ತಟ್ಟೆಯಲ್ಲೇ
ಕಾಯಿ ಹರವಿ ಬಾಗಿಲು ಮುಚ್ಚುತ್ತಾಳೆ.
ಮೊದಲು ವಾಸನೆ. ಆಮೇಲೆ ಟಿಕ್.
ಆಮೇಲೆ ಟಿಕ್ ಟಿಕ್, ಕತ್ತಲಲ್ಲಿ ಯಾರೋ ನೆಟಿಗೆ ಮುರಿದಂತೆ.
ಬೆಳಿಗ್ಗೆ ಅಂಗಡಿಗೆ ಬೇಕಾದ ಮರದ ಹೂವು.
ತಟ್ಟೆಯಲ್ಲಿ ಉಳಿದದ್ದು ಒಂಟಿ ರೆಕ್ಕೆಯ ಕರಿ ಬೀಜ;
ಅದಕ್ಕೆ ಯಾರೂ ಕಾಸು ಕೊಡುವುದಿಲ್ಲ,
ಹಿಂಬಾಗಿಲಿಂದ ಕೊಡವುತ್ತಾಳೆ.

ಅಲ್ಲೊಂದು ಪೈನ್ ತೋಪು ಎದ್ದಿತು ಅಂದುಕೊಳ್ಳಬೇಡಿ.
ಹಕ್ಕಿ ತಿಂದವು, ಇಲಿ ತಿಂದವು,
ಉಳಿದದ್ದು ಗೇಣುದ್ದ ಓಕ್ ತರಗೆಲೆಯ ಮೇಲೆ ಕೊಳೆಯಿತು.
ಬೀಜಕ್ಕೆ ಗುಡಿಸಿದ ಅಂಗಳದಂಥ ಮರಳು ಬೇಕು.
ಮನೆಯ ಹಿಂದೆ ಮೂವತ್ತು ವರ್ಷ ಬೆಂಕಿಯಿಲ್ಲ,
ಓಕ್ ಎತ್ತರವಾಯಿತು, ನೆರಳು ದಪ್ಪವಾಯಿತು.
ಗೆದ್ದಲ ಹುತ್ತ ಕಾಯದೆ
ತಾನೇ ಮರಳು ತೋಡಿ ಮೊಟ್ಟೆಯಿಡುವ ಪೈನ್ ಹಾವು
ಬಿಸಿಲು ಹುಡುಕುತ್ತ ಆಚೆ ಹೋಯಿತು.
ಗಿಡ್ಡ ಓಕಿನ ಎಲೆ ಮೇದು
ಅಕ್ಟೋಬರಿನ ಹಾಡುಹಗಲಲ್ಲೇ ಹಾರುವ ಪತಂಗ
ಮರಳಲಿಲ್ಲ ಆ ಮರಳಿಗೆ.

ಈ ಮಾರ್ಚಿನಲ್ಲಿ ಡೆನೀಸ್ ಬಂದಳು.
ಹಳದಿ ಅಂಗಿ, ಕೈಯಲ್ಲಿ ಉರಿ ತೊಟ್ಟಿಕ್ಕುವ ಪಂಜು.
"ಗಾಳಿ ಸರಿಯಾಗಿದೆ. ಇವತ್ತೇ. ಕಿಟಕಿ ಹಾಕ್ಕೊಳ್ಳಿ."
ರೋಡಾ ಹಾಕಲಿಲ್ಲ.
ಅವಳ ಹದಿನೇಳರಲ್ಲಿ ಬಂದ ಬೆಂಕಿ
ಅಣ್ಣನ ಟ್ರಕ್ಕು, ಕೋಳಿಗೂಡು, ಚರ್ಚಿನ ಗಂಟೆ ತಿಂದಿತ್ತು;
ಉರಿಯುವ ಮನೆಯಿಂದ ಹಿರಿಯಲು ಒಂದು ಗಳವೂ ಉಳಿದಿರಲಿಲ್ಲ.
ಇದು ಮೊಣಕಾಲೆತ್ತರದ ಬೆಂಕಿ.
ಗುದ್ದಲಿ ಎಳೆದ ಗೆರೆಯವರೆಗೆ ಬಂದು
ಸ್ವಲ್ಪ ಯೋಚಿಸಿ, ಕೂತಿತು.

ಸಂಜೆ ಹೊಗೆಯೊಳಗೆ ನಡೆದಳು.
ಬೂಟಿನಡಿ ಬೂದಿ, ಬೂದಿಯಡಿ ಮರಳು ಇನ್ನೂ ಬೆಚ್ಚಗೆ.
ಕೈಯಲ್ಲಿ ತಟ್ಟೆ.
"ಅದು ಕುಳ್ಳರ ಬಯಲಿನ ಬೀಜ," ಡೆನೀಸ್ ಕೂಗಿದಳು,
"ಇಲ್ಲಿ ಹಾಕಿದರೂ ಎತ್ತರ ಬರೋದಿಲ್ಲ!"

"ಎತ್ತರ ಯಾರು ಕೇಳಿದರು?" ಎಂದಳು ರೋಡಾ,
ತಟ್ಟೆಯ ತಳ ಎರಡು ಸಲ ತಟ್ಟಿ.