ಮಾರ್ಚ್ ತಿಂಗಳ ಅಳತೆ

ಕುಶಾಲನಗರದವರೆಗೆ ಬಂದು ನಿಂತ ಹಗುರ ರೈಲು
ಇನ್ನು ಮಡಿಕೇರಿಗೆ ಹತ್ತಬೇಕು.
ಹತ್ತುವ ಮೊದಲು ಯಾರಾದರೊಬ್ಬರು
ಬೆಟ್ಟವನ್ನು ಕೇಳಿದ ಹಾಗೆ ಮಾಡಬೇಕು.
ಆ ಒಬ್ಬ ನಾನು. ದಿನಕ್ಕೆ ಒಂಬೈನೂರು, ಊಟ ಬೇರೆ,
ಕೊರಳಲ್ಲಿ ಕಂಪನಿಯ ಬಿಲ್ಲೆ,
ಕೈಯಲ್ಲಿ ಸದ್ದು ಅಳೆಯುವ ಯಂತ್ರ,
ಅದಕ್ಕೊಂದು ಸ್ಪಂಜಿನ ಟೋಪಿ,
ಗಾಳಿ ಸುಳ್ಳು ಹೇಳದಿರಲೆಂದು.

ಮೊದಲ ವಾರ ಮರ ಎಣಿಸಿದೆವು.
ನಂದಿ, ಮತ್ತಿ, ಹೊನ್ನೆ, ಬೀಟೆ;
ಎದೆಯೆತ್ತರದಲ್ಲಿ ಟೇಪು ಸುತ್ತಿ ಬಿಳಿ ಬಣ್ಣದಲ್ಲಿ ನಂಬರು.
ನಾನೂರ ಹನ್ನೆರಡನೆಯದು ಹಲಸು,
ಬುಡದಿಂದಲೇ ಕಾಯಿ ಬಿಟ್ಟಿತ್ತು.
"ಕಾಯಿಗೂ ಹಾಕಲಾ ಸಾರ್?" ಎಂದ ಬಣ್ಣದ ಡಬ್ಬಿಯ ಹುಡುಗ.
ಯಾರೂ ನಗಲಿಲ್ಲ. ಬಿಸಿಲು ಹಾಗಿತ್ತು.

ಇಳಿದರೆ ಕಾವೇರಿ ಮೊಣಕಾಲಿಗೆ.
ಬಂಡೆಯ ಮೇಲೆ ಯಾರೋ ಜಮಖಾನ ಒಣಹಾಕಿದ್ದರು.
ಆಳ ಅರ್ಧ ಮೀಟರು, ಬರೆದುಕೊಂಡೆ.
ಬಡಾವಣೆಯ ನಿವೃತ್ತ ಲೈನ್‌ಮನ್ ಉತ್ತಯ್ಯ
ಗೇಟಿನಿಂದಲೇ ಕರೆದು ಒಳಗೋಡೆ ತೋರಿಸಿದ:
ಸ್ವಿಚ್ ಬೋರ್ಡಿಗಿಂತ ಒಂದು ಗೇಣು ಮೇಲೆ
ಮಣ್ಣು ಬಣ್ಣದ ಗೆರೆ,
ಎರಡು ಸಲ ಬಳಿದರೂ ಸುಣ್ಣದೊಳಗಿಂದ ಎದ್ದು ಬರುವ ಗೆರೆ.
"ಇದು ಆಗಸ್ಟು. ನಿಮ್ಮದು ಮಾರ್ಚು.
ಹೆಣ್ಣು ನೋಡಲು ಬಂದವರ ಹಾಗೆ
ಹೊಳೆಯನ್ನು ಒಳ್ಳೆ ದಿನವೇ ನೋಡಿ ಹೋಗ್ತೀರಿ."
ನಮೂನೆಯಲ್ಲಿ ಗೋಡೆಗೆ ಅಂಕಣವಿರಲಿಲ್ಲ.
ಷರಾ ಎಂಬಲ್ಲಿ ಬರೆದೆ.

ಸುಂಟಿಕೊಪ್ಪದ ಅಹವಾಲು ಸಭೆ.
ಬೇಡವೆಂದವರು ಮುಂದಿನ ಸಾಲಲ್ಲಿ, ಜೀಪಿನಲ್ಲಿ ಬಂದವರು.
ಕೊನೆಯ ಬೆಂಚಿನಿಂದ ಎದ್ದವಳು ಜಮೀಲಾ,
ಜಿಲ್ಲಾಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಆಯಾ.
"ಹನ್ನೊಂದು ವರ್ಷ ಆಯ್ತು
ತಿರುವು ತಿರುವಲ್ಲೂ ಕಂಬಿ ಹಿಡಿದು ನಿಂತು.
ಈ ಸೊಂಟ, ಹೊಗೆ ಕುಡಿದ ಈ ಎದೆಗೂಡು,
ಇದೂ ಪರಿಸರವೇ ಅಲ್ವಾ?
ಬರ್ಕೊಳ್ಳಿ."
ನನ್ನ ಪೆನ್ನು ನಿಲ್ಲುವವರೆಗೂ
ಅವಳು ಕೂರಲಿಲ್ಲ.

ಕೊನೆಗೆ ಆನೆಕಾಡಿನ ರಾತ್ರಿ.
ಹತ್ತರಿಂದ ಆರರವರೆಗೆ ಹಿನ್ನೆಲೆ ಸದ್ದು,
ಹದಿನೈದು ನಿಮಿಷಕ್ಕೊಂದು ಅಂಕೆ.
ಜೊತೆಗೆ ಕಾವಲಿನ ಜೆ.ಕೆ. ಬೋಜ, ಬೀಡಿ ಹಚ್ಚದೆ ಬರಿದೇ ಕಚ್ಚಿಕೊಂಡು.
ಮೂವತ್ತೆಂಟು. ಮೂವತ್ತೇಳು.
ಹೆದ್ದಾರಿಯಲ್ಲಿ ಲಾರಿ ಗೇರು ಬದಲಿಸಿದರೆ ಐವತ್ತು.
ಜೀರುಂಡೆ ನಿಂತರೆ ಮೂವತ್ತೊಂದು.
ಎಲ್ಲಿಂದಲೋ ಕಾಫಿ ಹೂವಿನ ಗಮಲು ಬಂತು,
ಯಂತ್ರಕ್ಕೆ ಮೂಗಿಲ್ಲ.

ಎರಡೂಕಾಲಿಗೆ ಬೋಜ ನನ್ನ ಮಣಿಕಟ್ಟು ಒತ್ತಿದ.
ಕತ್ತಲು ಒಂದು ಕಡೆ ದಪ್ಪವಾಯಿತು.
ದಪ್ಪವಾದದ್ದು ನಡೆಯಿತು.
ಒಂದು, ಹಿಂದೆ ಇನ್ನೊಂದು, ನಡುವೆ ಸಣ್ಣದು,
ಹಳಿಗೆಂದು ನಾವು ಸುರಿದ ಸುಣ್ಣದ ಗೆರೆಯನ್ನು
ಒಬ್ಬರ ಹಿಂದೊಬ್ಬರು ದಾಟಿದರು.
ಉಸಿರು ಹಿಡಿದು ಯಂತ್ರ ನೋಡಿದೆ:
ಮೂವತ್ತೊಂದು.
ದಾಟಿ ಮುಗಿದರು.
ಮೂವತ್ತೊಂದು.

ಬೆಳಿಗ್ಗೆ ಬೋಜ ಹೆಗಲ ಟವೆಲು ತೆಗೆದು
ಮುಂಗಾಲ ಹೆಜ್ಜೆಯ ಸುತ್ತ ಹಾಸಿ ಗುರುತು ಮಾಡಿದ,
ಅದನ್ನೇ ಎರಡು ಪಟ್ಟು ಮಾಡಿ
ಗಾಳಿಯಲ್ಲಿ ಕೈಯೆತ್ತಿ ತೋರಿಸಿದ:
"ಇಷ್ಟೆತ್ತರ. ಹೆಣ್ಣು."
ಅವನ ಬೆರಳ ತುದಿ ಇದ್ದಲ್ಲಿ
ಒಂದು ಬೆನ್ನು ಇದ್ದ ಹಾಗೆಯೇ ಕಂಡಿತು.

ಆಫೀಸಿನಿಂದ ಫೋನು: "ಎರಡೂಕಾಲಿಗೆ ಏನಾದರೂ ಉಂಟಾ?
ಅಂಕೆ ಏರಿಲ್ಲದಿದ್ದರೆ ಡ್ಯಾಶ್ ಎಳೆದುಬಿಡಿ."
ಡ್ಯಾಶ್ ಎಳೆಯುವುದು ಸುಲಭ, ನಾನೇ ಎಷ್ಟೋ ಎಳೆದಿದ್ದೇನೆ.
ಷರಾದ ಜಾಗ ಅಂಗೈಯಷ್ಟು:
ಗೋಡೆಯ ಗೆರೆ, ಜಮೀಲಾಳ ಸೊಂಟ,
ಸದ್ದಿಲ್ಲದೆ ಹೋದ ಮೂವರು,
ಮಳೆಗಾಲಕ್ಕೆ ಮತ್ತೊಮ್ಮೆ ಬಂದು ಅಳೆಯಬೇಕೆಂಬ ಮಾತು.
ಹಿಡಿಸದೆ ಹಾಳೆ ತಿರುಗಿಸಿ ಹಿಂದುಗಡೆ ಬರೆದೆ.

ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯವನು ಕೇಳಿದ,
"ಒಂದೇ ಮಗ್ಗುಲಾ, ಎರಡೂನಾ?"
ಎರಡೂ, ಎಂದೆ.
ಕಂಪನಿ ಕೊಡುವುದು ಒಂದಕ್ಕೆ.
ಉಳಿದ ಎಪ್ಪತ್ತು ರೂಪಾಯಿ ನನ್ನದು.